ಪ್ರತಿಕ್ರಿಯೆ: ಅಕ್ವಿನಾಸ್ ‘ದೇವರಿಲ್ಲ’ ಅಂದನೇ?

ಹದಿಮೂರನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸನೇ ದೇವರಿಲ್ಲ ಅಂದಿದ್ದಾನೆ ಎನ್ನಲು ನೀವು ಎತ್ತಿ ಬರೆದಿರುವ ‘ದೇವರು ಇಲ್ಲವೆಂದು ತೋರುತ್ತದೆ’ ಎಂಬ ಸಾಲು ಬಹುಶಃ ಅವನ ನಿಲುವಲ್ಲ, ಅವನೇ ಎದುರಾಳಿಯ ಬಾಯಲ್ಲಿ ಇಟ್ಟ ಮಾತು. ಅವನ ದೇವತಾಶಾಸ್ತ್ರದ ಗ್ರಂಥ ‘ಸುಮ್ಮಾ ಥಿಯೊಲಾಜಿಯೆ’ಯ ಮೊದಲ ಭಾಗ, 2ನೇ ಪ್ರಶ್ನೆ, 3ನೇ ಲೇಖನ (ಅಂದರೆ ಆ ಪ್ರಶ್ನೆಯ ಒಳಗಿನ ಉಪಪ್ರಶ್ನೆ) ಶುರುವಾಗುವುದೇ ಹಾಗೆ. ಮಧ್ಯಯುಗದ ವಿಶ್ವವಿದ್ಯಾಲಯಗಳ ವಾದದ ಕ್ರಮ ಅದು. ನಮ್ಮಲ್ಲಿ ಪೂರ್ವಪಕ್ಷ, ಸಿದ್ಧಾಂತ ಅಂತಾರಲ್ಲ, ಹೆಚ್ಚುಕಮ್ಮಿ ಅದೇ ಧಾಟಿ.

ಓದುವಾಗ ಮೊದಲು ಎದುರಾಳಿಯ ಆಕ್ಷೇಪಗಳನ್ನು ದಾಟಿ, ‘ನನ್ನ ಉತ್ತರವೇನೆಂದರೆ’ ಎಂಬಲ್ಲಿಗೆ ಹೋಗಿ. ಅವನ ನಿಲುವು, ಪ್ರಸಿದ್ಧ ‘ಐದು ದಾರಿಗಳು’ (ದೇವರಿದ್ದಾನೆ ಎನ್ನಲು ಅವನು ಕೊಡುವ ಐದು ವಾದಗಳು) ಎಲ್ಲ ಅಲ್ಲಿವೆ. ಆಮೇಲೆ ಹಿಂದೆ ಬಂದು ಎರಡು ಆಕ್ಷೇಪ ಓದಿ: ಲೋಕದಲ್ಲಿ ಕೇಡು ಯಾಕಿದೆ? ಎಲ್ಲವನ್ನೂ ಪ್ರಕೃತಿ ಮತ್ತು ಮನುಷ್ಯನ ಬುದ್ಧಿಯಿಂದಲೇ ವಿವರಿಸಬಹುದಾದರೆ ದೇವರು ಯಾಕೆ ಬೇಕು? ಇವತ್ತಿನ ನಾಸ್ತಿಕರೂ ಇದನ್ನೇ ಕೇಳ್ತಾರೆ, ಅಲ್ವಾ? ಕೊನೆಯಲ್ಲಿ ಒಂದೊಂದಕ್ಕೂ ಅವನ ಮರುಉತ್ತರ ಇದೆ, ಜೋಡಿಸಿ ಓದಿ. ‘ಇದಕ್ಕೆ ವಿರುದ್ಧವಾಗಿ’ ಎಂಬ ನಡುವಿನ ಸಾಲನ್ನು ಸುಮ್ನೆ ಕಣ್ಣಾಡಿಸಿದರೆ ಸಾಕು, ಇಲ್ಲಿ ಅದು ಬೈಬಲ್ ಉಲ್ಲೇಖ ಅಷ್ಟೇ.

1879ರಲ್ಲಿ ಪೋಪ್ ಹದಿಮೂರನೇ ಲಿಯೋ ಅಕ್ವಿನಾಸನ ಚಿಂತನೆಗೆ ಒತ್ತು ಕೊಟ್ಟ ಮೇಲೆ ಕ್ಯಾಥೊಲಿಕ್ ಪಠ್ಯಗಳಲ್ಲಿ ಅವನ ಉಲ್ಲೇಖ ಜಾಸ್ತಿಯಾಯಿತು. ಅಂಥ ಪಠ್ಯಗಳ ಅಡಿಟಿಪ್ಪಣಿಯಲ್ಲಿ ‘ಆಡ್ 1’ ಅಂತ ಕಂಡರೆ ಅದು ಮೊದಲ ಆಕ್ಷೇಪಕ್ಕೆ ಅವನದೇ ಉತ್ತರ. ‘ಆಬ್ಜ್. 1’ ಅಂತಿದ್ದರೆ ಎದುರಾಳಿಯ ಮಾತು.