ಕೇಪಿನ ರಿವಾಲ್ವರ್‌ನಲ್ಲಿ ಜಿಂಕೆ ಬೇಟೆ: ಪ್ರತಿಕ್ರಿಯೆ
ಅಮೆರಿಕದಲ್ಲಿ ರೆಮಿಂಗ್ಟನ್ 1858 ಮಾದರಿಯ .44 ರಿವಾಲ್ವರ್ (ಮದ್ದು, ಗುಂಡು ಬೇರೆ ಬೇರೆ ತುಂಬಿ, ಹಿಂದೆ ಕೇಪು ಎಂಬ ಸಿಡಿಯುವ ಪುಟ್ಟ ಟೊಪ್ಪಿ ಇಟ್ಟು ಹೊಡೆಯುವಂಥದ್ದು) ಜಿಂಕೆಗೆ ಸಾಕೇ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ ಸರ್. 30 ಗ್ರೇನ್ (ಸುಮಾರು 2 ಗ್ರಾಂ) ಕರಿಮದ್ದಿಗೆ ಸುಮಾರು 140 ಗ್ರೇನ್ (9 ಗ್ರಾಂ) ತೂಕದ ಉರುಟು ಸೀಸದ ಗುಂಡು ಹಾಕಿದರೆ ಬಲ ಸಾಲದು; ಗಾಯಗೊಂಡ ಪ್ರಾಣಿ ಪೊದೆ ಸೇರಿ ನರಳುತ್ತದೆ. ಮೊಲಕ್ಕಾದರೆ ಸರಿ, ಅದೂ 25 ಗಜದೊಳಗೆ. ಆಯಾ ರಾಜ್ಯದ ಬೇಟೆ ನಿಯಮ ಮೊದಲೇ ನೋಡಿಕೊಳ್ಳಿ.

ಗುಂಡು .454 ಇಂಚಿನದಿರಲಿ, ತೂತಿಗಿಂತ ತುಸು ದಪ್ಪ. ಒತ್ತಿ ಕೂರಿಸುವಾಗ ಸಿಲಿಂಡರ್ (ಮದ್ದುಗುಂಡು ತುಂಬುವ, ತಿರುಗುವ ಉರುಳೆ) ತೂತಿನ ಬಾಯಲ್ಲಿ ಸೀಸದ ತೆಳು ಉಂಗುರ ಸುತ್ತಲೂ ಹೆರೆದು ಬರಬೇಕು. ಬರದಿದ್ದರೆ ಗುಂಡು ಸಡಿಲ ಅಂತಲೇ ಅರ್ಥ. ಬೆಂಕಿ ಪಕ್ಕದ ತೂತಿಗೂ ಹಾರಿ ಎರಡು ಮೂರು ಈಡು ಒಟ್ಟಿಗೇ ಸಿಡಿಯಬಹುದು. ಸಡಿಲ ಕೇಪಿನಿಂದಲೂ ಇದೇ ಅಪಾಯ. ಗುಂಡಿಗೂ ಮದ್ದಿಗೂ ನಡುವೆ ಖಾಲಿ ಜಾಗ ಬಿಡಬೇಡಿ. ಈಗಿನ ತೋಟಾಗಳಲ್ಲಿರುವ ಹೊಗೆರಹಿತ ಮದ್ದಂತೂ ಚಿಟಿಕೆಯಷ್ಟೂ ಹಾಕಬೇಡಿ, ಸಿಲಿಂಡರೇ ಒಡೆಯಬಹುದು.