ಪ್ರೊಲಿಟರಸಿ ಸಂಸ್ಥೆಯ ಸ್ಥಾಪಕರು ಲಾಬಾಕ್ ಅವರೋ, ಕಾಲ್ವಿನ್ ಅವರೋ?

ವಯಸ್ಕರ ಸಾಕ್ಷರತೆಗಾಗಿ ದುಡಿಯುವ ಅಮೆರಿಕದ ಪ್ರೊಲಿಟರಸಿ ಸಂಸ್ಥೆಯ ಸ್ಥಾಪಕರೆಂದು ಒಂದು ಕಡೆ ಫ್ರ್ಯಾಂಕ್ ಲಾಬಾಕ್ ಹೆಸರು, ಇನ್ನೊಂದು ಕಡೆ ರೂತ್ ಕಾಲ್ವಿನ್ ಹೆಸರು ಕಾಣುತ್ತದೆ, ಯಾವುದು ಸರಿ ಎಂದು ಕೇಳಿದ್ದೀರಿ. ಎರಡಕ್ಕೂ ಆಧಾರವಿದೆ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಎಂಬ ಒಂದೇ ನಗರದಲ್ಲಿ ನೆಲೆಯೂರಿದ್ದ ಲಾಬಾಕ್ ಲಿಟರಸಿ ಮತ್ತು ಲಿಟರಸಿ ವಾಲಂಟಿಯರ್ಸ್ ಆಫ್ ಅಮೆರಿಕ ಎಂಬ ಎರಡು ಸಂಸ್ಥೆಗಳು 2002ರಲ್ಲಿ ವಿಲೀನಗೊಂಡು ಪ್ರೊಲಿಟರಸಿ ಆಯಿತು.

ಹಳೆಯ ಕವಲು ಲಾಬಾಕ್ ಅವರದು. 1915ರಲ್ಲಿ ಮಿಷನರಿಯಾಗಿ ಫಿಲಿಪೀನ್ಸಿಗೆ ಹೋದ ಅವರು 1929ರಲ್ಲಿ ಮಿಂಡನಾವೊ ದ್ವೀಪದ ಲನಾವೊ ಪ್ರಾಂತ್ಯದ ಮರನಾವೊ ಮುಸ್ಲಿಮರ ನಡುವೆ ನೆಲೆಸಿ, ಅವರ ಭಾಷೆಯನ್ನು ಕಲಿತು, ಅದನ್ನು ಓದಲು ಕಲಿಸುವ ಪಟಗಳನ್ನು ತಯಾರಿಸಿದರು. ಆರ್ಥಿಕ ಮಹಾಕುಸಿತದ ಕಾಲದಲ್ಲಿ ಅಮೆರಿಕದಿಂದ ಬರುತ್ತಿದ್ದ ಹಣ ಕಡಿಮೆಯಾಗಿ, ಶಿಕ್ಷಕರಿಗೆ ಸಂಬಳ ಕೊಡಲಾಗದೆ ಶಾಲೆ ಮುಚ್ಚುವ ಹಂತಕ್ಕೆ ಬಂದಾಗ, ಕಲಿತವರೆಲ್ಲರೂ ಇನ್ನೊಬ್ಬರಿಗೆ ಕಲಿಸಲೇಬೇಕು, ಕಲಿಸದವರನ್ನು ಕೊಲ್ಲುವೆ ಎಂದು ಸ್ಥಳೀಯ ನಾಯಕರೊಬ್ಬರು ಗುಡುಗಿದರೆಂದು ಲಾಬಾಕ್ ಅವರೇ ಹೇಳಿಕೊಂಡಿದ್ದಾರೆ. ಸ್ವಯಂಸೇವೆಯ ಇಷ್ಟು ದೊಡ್ಡ ಪರಂಪರೆಯೊಂದು ಕೊಲೆ ಬೆದರಿಕೆಯಿಂದ ಆರಂಭವಾಯಿತೆಂಬುದು ನನಗೆ ಈಗಲೂ ನಗು ತರಿಸುವ ಸಂಗತಿ. ‘ಒಬ್ಬರು ಒಬ್ಬರಿಗೆ ಕಲಿಸಲಿ’ ಎಂಬ ಘೋಷಣೆ ಹೀಗೆ ಲಾಬಾಕ್ ಅವರ ಕೆಲಸದ ಗುರುತಾಯಿತು. ಅನಂತರ ಅವರು ಹತ್ತಾರು ದೇಶಗಳನ್ನು ಸುತ್ತಿ, 1955ರಲ್ಲಿ ತಮ್ಮ ಹೆಸರಿನ ಸಂಸ್ಥೆಯನ್ನು ಸ್ಥಾಪಿಸಿದರು.

ಕಾಲ್ವಿನ್ ಅವರ ಕಥೆಯೇ ಬೇರೆ. ತಮ್ಮ ಊರಾದ ಸಿರಾಕ್ಯೂಸಿನಲ್ಲಿ ಓದು ಬರಹ ಸರಿಯಾಗಿ ಬಾರದ ವಯಸ್ಕರು 11,000ಕ್ಕೂ ಹೆಚ್ಚಿದ್ದಾರೆಂದು 1960ರ ಜನಗಣತಿಯನ್ನು ಆಧರಿಸಿದ ಪತ್ರಿಕಾ ವರದಿಯಲ್ಲಿ ಓದಿದ ಈ ಗೃಹಿಣಿ, 1962ರಲ್ಲಿ ಚರ್ಚಿನ ಮಹಿಳೆಯರನ್ನು ಕಟ್ಟಿಕೊಂಡು ಮನೆಯ ನೆಲಮಾಳಿಗೆಯಲ್ಲೇ ಆರಂಭಿಸಿದ ಕೆಲಸವೇ ಮುಂದೆ ಲಿಟರಸಿ ವಾಲಂಟಿಯರ್ಸ್ ಆಫ್ ಅಮೆರಿಕ ಸಂಸ್ಥೆಯಾಯಿತು. ಒಳ್ಳೆಯ ಮನಸ್ಸಿದ್ದರೆ ಸಾಲದು, ಕಲಿಸುವವರಿಗೂ ತರಬೇತಿ ಬೇಕು ಎಂದು ಅವರು ಸಿರಾಕ್ಯೂಸ್ ವಿಶ್ವವಿದ್ಯಾಲಯದ ತಜ್ಞರ ನೆರವು ಪಡೆದದ್ದೇ ನನ್ನ ದೃಷ್ಟಿಯಲ್ಲಿ ಆ ಸಂಸ್ಥೆಯ ನಿಜವಾದ ಸಾಧನೆ. 1967ರಲ್ಲಿ ಅದು ಅಧಿಕೃತವಾಗಿ ನೋಂದಣಿಯಾಗಿ, ಕ್ರಮೇಣ ದೇಶದಾದ್ಯಂತ ಹರಡಿತು.

ಎರಡೂ ಕಡೆ ಸ್ವಯಂಸೇವಕರೇ ಕಲಿಸುತ್ತಿದ್ದರೂ ಪಾಠದ ರೀತಿ ಒಂದೇ ಆಗಿರಲಿಲ್ಲ. ಲಾಬಾಕ್ ಅವರ ಇಂಗ್ಲಿಷ್ ಪಟದಲ್ಲಿ ಹಕ್ಕಿಯ ಚಿತ್ರವೊಂದಿರುತ್ತದೆ. ನೀಳ ಬಾಲ ಮತ್ತು ಉಬ್ಬಿದ ಹೊಟ್ಟೆಯ ಆ ಹಕ್ಕಿಯ ಆಕಾರವೇ ‘ಬರ್ಡ್’ ಪದದ ಮೊದಲ ಅಕ್ಷರವಾಗಿ ಮಾರ್ಪಡುತ್ತದೆ. ಎಲ್ಲರಿಗೂ ಅದೇ ಪಟ, ಅದೇ ಕ್ರಮ. ಹೊಸಬರೂ ಧೈರ್ಯವಾಗಿ ಕಲಿಸಬಹುದೆಂಬುದು ಇದರ ಗುಣ. ಕಾಲ್ವಿನ್ ಅವರ ಬಳಗವೂ ಅಕ್ಷರಗಳ ಧ್ವನಿಯನ್ನು ಕಲಿಸುತ್ತಿತ್ತಾದರೂ, ಕಲಿಯುವವರು ತಮ್ಮ ಕೆಲಸದ ಬಗ್ಗೆಯೋ ಮಕ್ಕಳ ಬಗ್ಗೆಯೋ ಹೇಳಿದ ನಾಲ್ಕು ಮಾತುಗಳನ್ನು ಬರೆದುಕೊಂಡು, ಅದನ್ನೇ ಅವರ ಮೊದಲ ಪಾಠವನ್ನಾಗಿಸುವ ವಿಧಾನಕ್ಕೆ ಅಲ್ಲಿ ಹೆಚ್ಚಿನ ಒತ್ತಿತ್ತು. ವಯಸ್ಕರಿಗೆ ಕಲಿಸುವವರ ಜೊತೆ ಒಡನಾಡಿದ ನನಗೆ ಎರಡನೆಯದೇ ಹೆಚ್ಚು ಮೆಚ್ಚುಗೆ, ಏಕೆಂದರೆ ಅಲ್ಲಿ ಕಲಿಯುವವರು ತಮ್ಮದೇ ಮಾತನ್ನು ಓದುತ್ತಾರೆ, ಅರ್ಥಕ್ಕಾಗಿ ತಡಕಾಡಬೇಕಾಗುವುದಿಲ್ಲ. ಆದರೆ ಅದು ಕಲಿಸುವವರಿಂದ ಬೇಡುವ ಸಿದ್ಧತೆ ಬಹಳ ಹೆಚ್ಚು.

ನಿಮಗೆ ಕಂಡ ಗೊಂದಲಕ್ಕೆ ಕಾಲವೂ ಕಾರಣ. ಲಾಬಾಕ್ 1970ರಲ್ಲೇ ತೀರಿಕೊಂಡಿದ್ದರು. ಕಾಲ್ವಿನ್ ವಿಲೀನವನ್ನು ಕಣ್ಣಾರೆ ಕಂಡರು, 2006ರಲ್ಲಿ ಅಮೆರಿಕದ ಅಧ್ಯಕ್ಷರಿಂದ ಸ್ವಾತಂತ್ರ್ಯ ಪದಕ ಪಡೆದರು, 2024ರಲ್ಲಿ 107ನೆಯ ವಯಸ್ಸಿನಲ್ಲಿ ನಿಧನರಾದರು. ಹಾಗಾಗಿ ಇತ್ತೀಚಿನ ಬರಹಗಳಲ್ಲಿ ಅವರ ಹೆಸರೇ ಮುಂದೆ ನಿಲ್ಲುತ್ತದೆ.