ಓಕಿನಾವಾದಲ್ಲಿ ಅಮೆರಿಕದ ಸೈನಿಕರು ಇನ್ನೂ ಯಾಕಿದ್ದಾರೆ?

ಯುದ್ಧ 1945ರಲ್ಲೇ ಮುಗಿದರೂ ಜಪಾನಿನಲ್ಲಿ ಅಮೆರಿಕದ ಸೈನಿಕರು ಇನ್ನೂ ಯಾಕೆ, ಜಪಾನ್ ಈಗಲೂ ಅವರ ಹಿಡಿತದಲ್ಲಿದೆಯಾ ಅಂತ ಕೇಳಿದ್ದೀರಿ. ಇಲ್ಲ, ಆ ಹಿಡಿತ 1952ರಲ್ಲೇ ಮುಗಿಯಿತು. ಈಗ ಅವರು ಇರುವುದು 1960ರ ಭದ್ರತಾ ಒಪ್ಪಂದದ ಪ್ರಕಾರ.

ಆದರೆ ಜಪಾನಿನ ದಕ್ಷಿಣದ ದ್ವೀಪಗಳಾದ ಓಕಿನಾವಾದ ಕತೆಯೇ ಬೇರೆ. ಅದು 1972ರ ಮೇ 15ರವರೆಗೂ ಅಮೆರಿಕದ ಆಡಳಿತದಲ್ಲೇ ಇತ್ತು. ಅಂಗಡಿಯಲ್ಲಿ ಡಾಲರ್ ಕೊಟ್ಟೇ ಸಾಮಾನು ತರಬೇಕಿತ್ತು. ಜಪಾನಿನ ನೆಲದಲ್ಲಿ ಈ ದ್ವೀಪಗಳ ಪಾಲು ಶೇ. 0.6 ಮಾತ್ರ. ಆದರೆ ಅಮೆರಿಕದ ಸೇನೆಗೇ ಮೀಸಲಾದ ಜಾಗದಲ್ಲಿ ಸುಮಾರು ಶೇ. 70 ಅಲ್ಲೇ ಇದೆ. ಇದು ಅನ್ಯಾಯ ಅಲ್ವಾ? ಗಿನೋವಾನ್ ಊರಿನ ನಟ್ಟನಡುವೆ ಫುಟೆನ್ಮಾ ವಿಮಾನ ನೆಲೆ, ಸುತ್ತಲೂ ಮನೆ, ಶಾಲೆ. ಅದನ್ನು ವಾಪಸ್ ಕೊಡಲು 1996ರಲ್ಲೇ ಎರಡೂ ಸರ್ಕಾರಗಳು ಒಪ್ಪಿದ್ದವು. ಇನ್ನೂ ಕೊಟ್ಟಿಲ್ಲ.